ಹತ್ತೊಂಬತ್ತು ಕುರಿ, ಎರಡು ರವಿವಾರ

ರವಿವಾರಕ್ಕೆ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ತಟ್ಟನೆ ಹೇಳುತ್ತೇನೆ: ಐದುನೂರಾ ಇಪ್ಪತ್ತು ರೂಪಾಯಿ. ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಎಂಬ ಕಾರ್ಖಾನೆಗಳ ವಸಾಹತಿನ ಗೋದಾಮಿನಲ್ಲಿ ನಾನು ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ರವಿವಾರ ರಜೆ, ಆದರೆ ಬಂದು ದುಡಿದರೆ ಐದುನೂರಾ ಇಪ್ಪತ್ತು ಹೆಚ್ಚಿಗೆ ಸಿಗುತ್ತದೆ. ಬರಲೇಬೇಕೆಂದು ಕಂಪನಿಯವರು ಒತ್ತಾಯ ಮಾಡುವುದಿಲ್ಲ, ಒತ್ತಾಯ ಮಾಡುವುದು ನಮ್ಮ ಮನೆ. ಬಾಡಿಗೆ, ಗ್ಯಾಸು, ಮಗಳು ಶುಭಾಂಗಿಯ ನರ್ಸಿಂಗ್ ಕೋರ್ಸಿನ ಫೀ ಎಲ್ಲ ಕೂಡಿಸಿದರೆ ತಿಂಗಳ ಕೊನೆಗೆ ಸರಿಯಾಗಿ ಎರಡು ಸಾವಿರ ಕಡಿಮೆ ಬೀಳುತ್ತದೆ. ನಾಲ್ಕು ರವಿವಾರ ಮಾರಿದರೆ ಎರಡು ಸಾವಿರದ ಎಂಬತ್ತು ಬರುತ್ತದೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ.

ನನ್ನ ಗಂಡ ಸೋಮೇಶ ಸೋಲಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನಿಗೂ ವಾರಕ್ಕೊಂದು ಸುಟ್ಟಿ ಇದೆ. ಅವನ ಸುಟ್ಟಿಯನ್ನು ಯಾರೂ ಮಾರುವುದಿಲ್ಲ. ಆ ದಿನ ಅವನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾನೆ, ಆ ಮಗ್ಗುಲು ನೊಂದರೆ ಈ ಮಗ್ಗುಲಿಗೆ ಹೊರಳುತ್ತಾನೆ. ಅದಕ್ಕೆ 'ಆರಾಮ' ಎನ್ನುತ್ತಾರೆ. ನಾನು ಕಾಲು ಗಂಟೆ ಪುಸ್ತಕ ಹಿಡಿದು ಕುಳಿತರೆ ಅದಕ್ಕೆ 'ಖಾಲಿ ಕುಂತಾಳ' ಎನ್ನುತ್ತಾರೆ.

ಹೌದು, ನನಗೆ ಓದುವ ಚಟವಿದೆ. ಭಂಡಾರಕವಠೆಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ಅಲ್ಲಿ ಕಲಿಸಿದ ಜಟ್ಟೆಪ್ಪ ಮಾಸ್ತರರು ನಿವೃತ್ತರಾಗಿ ಅಕ್ಕಲಕೋಟೆಯಲ್ಲಿದ್ದಾರೆ, ಮನೆಯಲ್ಲಿ ಎರಡು ಕಪಾಟು ಕನ್ನಡ ಪುಸ್ತಕ. ಅಲ್ಲಿನ ಸ್ವಾಮಿಯ ದರ್ಶನದ ನೆಪ ಮಾಡಿ ಹೋಗಿ ಒಂದೊಂದೇ ತಂದು ಓದುತ್ತೇನೆ. ಈ ಸಲ ತಂದ ಕಾದಂಬರಿಗೆ ಏಳು ತಿಂಗಳಾಯಿತು, ನಾನಿನ್ನೂ ನೂರಾ ಹನ್ನೊಂದನೆಯ ಪುಟದಲ್ಲಿದ್ದೇನೆ. ಕಂಪನಿ ಬಸ್ಸಿನಲ್ಲಿ ಓದೋಣವೆಂದರೆ ಬೆಳಿಗ್ಗೆ ಕತ್ತಲು, ಸಂಜೆ ನಿದ್ದೆ. ಮನೆಯಲ್ಲಿ ಪುಸ್ತಕ ತೆರೆದರೆ ಸಾಕು, ಎಲ್ಲರಿಗೂ ನನ್ನ ನೆನಪಾಗುತ್ತದೆ. "ಮಮ್ಮಿ, ಖಾಲಿ ಇದ್ದಿ ಅಲಾ, ಈ ಡ್ರೆಸ್ಸಿಗೆ ಒಂದ ಹೊಲಿಗಿ ಹಾಕ." "ಏ, ಖಾಲಿ ಇದ್ದಿ ಅಂದ್ರ ಚಹಾ ಇಡ." ನಾಯಕಿಯನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ನಾನು ಚಹಾ ಇಡಲು ಏಳುತ್ತೇನೆ. ಪಾಪ, ಅವಳು ಏಳು ತಿಂಗಳಿಂದ ಎಷ್ಟೋ ಕಟ್ಟೆಗಳ ಮೇಲೆ ನಿಂತಿದ್ದಾಳೆ.

ಮೊನ್ನೆ ಮಾಸ್ತರರು ಫೋನ್ ಮಾಡಿ, "ಏನವಾ ಛಾಯಾ, ಪುಸ್ತಕ ಓದಾಕತ್ತಿಯೋ, ಉಪ್ಪಿನಕಾಯಿ ಹಾಕಿ ಇಟ್ಟಿಯೋ?" ಎಂದು ಕೇಳಿದರು. ಅವರು ಚೇಷ್ಟೆ ಮಾಡಿದ್ದು. ನನಗೆ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ನಲವತ್ತಾರು ವರ್ಷದ ಹೆಂಗಸು, ತಿಂಗಳಿಗೆ ಹದಿನಾರು ಪುಟ.

ಹೋದ ಡಿಸೆಂಬರಿನಲ್ಲಿ ನಮ್ಮ ಕಂಪನಿಗೆ ಟೈ ಕಟ್ಟಿದ ಒಬ್ಬ ಹುಡುಗ ಬಂದ. ಹೆಂಗಸರಿಗೆ ಹಣ ಉಳಿಸುವುದು ಹೇಗೆ ಎಂದು ಮರಾಠಿಯಲ್ಲಿ ಒಂದು ತಾಸು ಭಾಷಣ ಮಾಡಿದ. ದಿನಕ್ಕೆ ಒಂದು ಚಹಾ ಬಿಟ್ಟರೆ ವರ್ಷಕ್ಕೆ ಎಷ್ಟು ಸಾವಿರ ಉಳಿಯುತ್ತದೆಂದು ಬೋರ್ಡಿನ ಮೇಲೆ ಬರೆದು ತೋರಿಸಿದ. ಹದಿಮೂರು ಸಾವಿರ ಪಗಾರದ ಹೆಂಗಸರಿಗೆ ಚಹಾ ಬಿಡಿ ಎನ್ನುವುದಕ್ಕೆ ಅವನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವನ ಕೈಯಲ್ಲಿನ ಚಹಾ ಕಸಿದು ಅವನ ಟೈ ಮೇಲೆ ಸುರಿಯಬೇಕೆನಿಸಿತು. ಆದರೆ ಕೊನೆಗೆ ಅವನು ಒಂದು ಮಾತು ಹೇಳಿದ: ನಿಮ್ಮ ಹಣವನ್ನು ದುಡಿಯಲು ಕಳಿಸಿ, ನೀವು ಕುಳಿತುಕೊಳ್ಳಿ. ಉಳಿದವರು ಚಪ್ಪಾಳೆ ತಟ್ಟಿ ಮರೆತರು. ನಾನು ಮರೆಯಲಿಲ್ಲ, ಏಕೆಂದರೆ ದುಡಿಯಲು ಕಳಿಸುವಂಥದ್ದು ನನ್ನ ಹತ್ತಿರ ಒಂದಿತ್ತು.

ನಾವು ಕುರುಬರು, ಸರಕಾರಿ ಕಾಗದದಲ್ಲಿ ಧನಗರ. ನಾನು ಏಳನೆ ಪಾಸಾದ ದಿನ ನಮ್ಮಪ್ಪ ಧರೆಪ್ಪ ಹಿಂಡಿನಿಂದ ಒಂದು ಹೆಣ್ಣುಮರಿ ಎತ್ತಿ ತಂದು, "ನಮ್ಮ ಮನ್ಯಾಗ ಓದಿದಾಕಿ ನೀನೊಬ್ಬಾಕಿ. ಇದು ನಿಂದು" ಎಂದ. ನಮ್ಮಲ್ಲಿ ಹೆಣ್ಣುಮಗಳಿಗೆ ಕೊಟ್ಟ ಕುರಿ ಅವಳ ಜತೆ ಗಂಡನ ಮನೆಗೆ ಹೋಗುವುದಿಲ್ಲ, ತವರಿನ ಹಿಂಡಿನಲ್ಲೇ ಬೆಳೆಯುತ್ತದೆ. ಹುಟ್ಟಿದ ಮರಿಗಳಲ್ಲಿ ಅರ್ಧ ಕಾಯ್ದವನಿಗೆ, ಅರ್ಧ ಅವಳಿಗೆ. ಯಾವುದು ಯಾರದೆಂದು ಗೊತ್ತಾಗಲು ಮರಿ ಇದ್ದಾಗಲೇ ಎಡಗಿವಿಯ ಅಂಚಿಗೆ ಕತ್ತರಿಯಿಂದ ಕಚ್ಚು ಹಾಕುತ್ತಾರೆ. ಅಪ್ಪನ ಗುರುತು ಮೂರು ಕಚ್ಚು, ಅವನು ಹೋದ ಮೇಲೆ ಅದೇ ನನ್ನ ಅಣ್ಣ ಮೈಲಾರಲಿಂಗನದಾಯಿತು. ನನ್ನದು ಎರಡು ಕಚ್ಚು.

ಬರ ಬಂತು, ಶುಭಾಂಗಿ ಹುಟ್ಟಿದಾಗ ನನ್ನ ಬಾಣಂತನಕ್ಕೆ ಕೆಲವು ಮಾರಿದ್ದಾಯಿತು, ನಾಲ್ಕು ವರ್ಷ ಒಂದೂ ಮರಿ ಉಳಿಯಲಿಲ್ಲ. ಆದರೂ ಹೋದ ದೀಪಾವಳಿಗೆ ಅಣ್ಣ ತಾನಾಗಿಯೇ, "ನಿನ್ನವು ಹತ್ತೊಂಬತ್ತ ಆಗ್ಯಾವ ನೋಡ" ಎಂದು ಮೀಸೆ ತಿರುವಿ ಹೇಳಿದ್ದ. ಆಗ ನಾನು ಬರೀ ನಕ್ಕಿದ್ದೆ. ಟೈ ಹುಡುಗ ಬಂದುಹೋದ ಮೇಲೆ ಪೋಸ್ಟ್ ಆಫೀಸಿಗೆ ಹೋಗಿ ವಿಚಾರಿಸಿದೆ. ಒಂದು ಕುರಿಗೆ ಒಂಬತ್ತು ಸಾವಿರ ಹಿಡಿದರೂ ಹತ್ತೊಂಬತ್ತಕ್ಕೆ ಒಂದು ಲಕ್ಷ ಎಪ್ಪತ್ತೊಂದು ಸಾವಿರ. ಅದನ್ನು ಇಟ್ಟರೆ ತಿಂಗಳಿಗೆ ಸಾವಿರದ ಐವತ್ತರಷ್ಟು ಬಡ್ಡಿ. ಅಂದರೆ ಎರಡು ರವಿವಾರ. ಕೌಂಟರಿನ ಮುಂದೆ ನಿಂತುಕೊಂಡೇ ನಿರ್ಧರಿಸಿದೆ: ತಿಂಗಳಿಗೆ ಎರಡು ರವಿವಾರ ಕೊಂಡುಕೊಳ್ಳುತ್ತೇನೆ, ಓದುತ್ತೇನೆ.

ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು. ಸೋಮೇಶ ಮೊಬೈಲ್ ಕೆಳಗಿಟ್ಟ, ಅದೇ ದೊಡ್ಡ ಸಂಗತಿ. "ಪಾವಣೇ ದೋನ್ ಲಾಖ! ಒಂದ ಚೊಲೋ ಬೈಕ್ ಬರ್ತದ" ಎಂದ. ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ ಎಂದು ಅವನ ಲೆಕ್ಕ. ಶುಭಾಂಗಿಗೆ ಲ್ಯಾಪ್‌ಟಾಪ್ ಬೇಕಾಗಿತ್ತು. ನಾನು ರವಿವಾರದ ಮಾತು ಎತ್ತಿದಾಗ ಗಂಡ ನನ್ನ ಮುಖವನ್ನೇ ನೋಡಿದ.

"ಓದಾಕ? ಕುರಿ ಮಾರಿ ಓದ್ತಿ? ಯಾವ ಪರೀಕ್ಷಾಕ ಕುಂದ್ರಾಕಿ?"

"ಯಾವ ಪರೀಕ್ಷಾನೂ ಇಲ್ಲ. ಖಾಲಿ ಕುಂತು ಓದಾಕಿ."

"ವೇಡಿ ಝಾಲೀಸ್ ಕಾ?" ಎಂದ. ಹುಚ್ಚು ಹಿಡಿದಿದೆಯಾ ಎಂದು. ಹಿಡಿದಿದ್ದರೆ ಒಳ್ಳೆಯದಿತ್ತು, ಹುಚ್ಚಿಯನ್ನು ಯಾರೂ ಚಹಾ ಇಡಲು ಕರೆಯುವುದಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಇದು ನಾನು ಮಾಡಿದ ತಪ್ಪು. ಮರ್ಯಾದೆಯಿಂದ ನಾಲ್ಕು ದಿನ ಮೊದಲೇ ತಿಳಿಸಿದೆ: ಗುರುವಾರ ಬರುತ್ತೇನೆ, ಅಕ್ಕಲಕೋಟೆಯ ವ್ಯಾಪಾರಿ ಪೀರಪ್ಪನಿಗೂ ಹೇಳಿದ್ದೇನೆ, ನನ್ನ ಕುರಿ ಬೇರೆ ಮಾಡಿ ಇಡು. ಅಣ್ಣ, "ಬಾ ಬಾ, ತವರಮನಿಗಿ ಬರಾಕ ಕೇಳಬೇಕೇನು?" ಎಂದ.

ಗುರುವಾರ ಒಂದು ದಿನದ ಪಗಾರ ಬಿಟ್ಟು ಹೊರಟೆ. ಅಣ್ಣನ ಹಿಂಡು ಸಂಕ್ರಾಂತಿಯ ಹೊತ್ತಿಗೆ ಯಾವಾಗಲೂ ಅಕ್ಕಲಕೋಟೆಯ ಕಡೆ ಬರುತ್ತದೆ. ಅಲ್ಲಿ ಬಂಡೆಪ್ಪ ಎಂಬ ರೈತನ ತೊಗರಿ ಕೊಯ್ದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸಿದ್ದರು. ನಾನು ಹೋದಾಗ ಹತ್ತು ಗಂಟೆಯ ಬಿಸಿಲು. ಅಣ್ಣ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕುಳಿತಿದ್ದ. ಅವನ ಹೆಂಡತಿ ಪುತಳಾಬಾಯಿ, ನನ್ನ ವೈನಿ, ಆಚೆ ಒಂದು ಕುರಿಗೆ ಹೆರಿಗೆ ಮಾಡಿಸುತ್ತಿದ್ದಳು. ಕೈ ಮೊಣಕೈವರೆಗೆ ತೊಯ್ದಿತ್ತು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು.

ಅಣ್ಣ ಚಹಾ ಕೊಟ್ಟ. ಬಸ್ಸಿಗೆ ಗರ್ದಿ ಇತ್ತೇ, ಶುಭಾಂಗಿಗೆ ವರ ನೋಡುತ್ತೀಯೇ ಎಂದೆಲ್ಲ ಕೇಳಿದ. ಆಮೇಲೆ ನೆಲ ನೋಡುತ್ತ ಹೇಳಿದ, "ಛಾಯಾ, ಹ್ಯಾಂಗ ಹೇಳಲಿ. ನಿನ್ನವು ಹದಿನೈದು ಹೋದವು. ನಾಕ ಉಳದಾವ."

"ಹೋದವು ಅಂದ್ರ?"

"ಬ್ಯಾನಿ ಬಂತು, ಆರು ಸತ್ತು. ಎರಡ ಸಲ ತೋಳ ಬಿತ್ತು. ಉಳದವು ಅಲ್ಲಿ ಭೀಮಾ ದಂಡಿಗಿ ಕಳವಾದವು. ನಶೀಬ, ಮತ್ತೇನ."

"ನಿನ್ನವು ಎಷ್ಟ ಸತ್ತು?"

ಅವನು ತಲೆ ಕೆರೆದುಕೊಂಡ. "ನಮ್ಮವು... ಬಿರೋಬಾನ ಕೃಪಾ, ಉಳದಾವ."

ಅಲ್ಲ, ರೋಗಕ್ಕೂ ಗೊತ್ತಿತ್ತು, ತೋಳಕ್ಕೂ ಗೊತ್ತಿತ್ತು, ಕಳ್ಳರಿಗೂ ಗೊತ್ತಿತ್ತು, ತಂಗಿಯ ಕುರಿ ಯಾವುದು ಎಂದು! ಆದರೆ ಸುಳ್ಳು ಹೇಳಲಾರೆ, ಆ ಕ್ಷಣ ನನಗೆ ಈ ಬುದ್ಧಿ ಬರಲಿಲ್ಲ. ನನಗೆ ಅಳು ಬಂತು. ದೀಪಾವಳಿಯಿಂದ ಸಂಕ್ರಾಂತಿಯೊಳಗೆ ನನ್ನ ಎರಡು ರವಿವಾರಗಳು ಸತ್ತುಹೋದವು ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ಅಣ್ಣ ನನ್ನ ಬೆನ್ನು ಸವರಿ, "ಅಳಬ್ಯಾಡ, ದೇವ್ರು ಕೊಡ್ತಾನ" ಎಂದ. ಆ ಸವರುವಿಕೆ ನೆನಪಾದರೆ ಈಗಲೂ ನನ್ನ ಬೆನ್ನು ಉರಿಯುತ್ತದೆ.

ಮೂಗು ಒರೆಸಿಕೊಂಡು ತಲೆ ಎತ್ತಿದಾಗ ಒಂದು ಕುರಿ ಮೇಯುತ್ತ ನಮ್ಮ ಹತ್ತಿರ ಬಂತು. ಕರಿ ಕುರಿ. ಅದರ ಎಡಗಿವಿ ಹಳದಿಯಾಗಿತ್ತು. ನೋಡುತ್ತ ಹೋದೆ. ಆಚೆ ಇನ್ನೊಂದು, ಅದರದೂ ಎಡಗಿವಿ ಹಳದಿ. ನಾನು ಎದ್ದೆ.

"ಎಲ್ಲಿ ಹೊಂಟಿ? ಚಹಾ ಅರ್ಧಾ ಅದ" ಎಂದ ಅಣ್ಣ.

ನಾನು ಕುರುಬರ ಮನೆಯಲ್ಲಿ ಹುಟ್ಟಿದವಳು. ಸೀರೆ ಎತ್ತಿ ಕಟ್ಟಿ ಹಿಂಡಿನ ನಡುವೆ ನುಗ್ಗಿ ಒಂದನ್ನು ಕಾಲುಗಳ ಮಧ್ಯೆ ಸಿಕ್ಕಿಸಿ ಹಿಡಿದೆ. ಕಿವಿ ಮಡಚಿ ನೋಡಿದೆ. ಮೂರು ಕಚ್ಚು. ಎರಡು ಕಚ್ಚು ಹಳೆಯವು, ಅಂಚು ನುಣುಪಾಗಿ ಕೂದಲು ಬೆಳೆದಿತ್ತು. ಮೂರನೆಯದಕ್ಕೆ ಇನ್ನೂ ಹಕ್ಕಳೆ ಇತ್ತು, ಅದರ ಮೇಲೆ ದಪ್ಪಗೆ ಭಂಡಾರ. ಭಂಡಾರವೆಂದರೆ ನಮ್ಮ ದೇವರಾದ ಬಿರೋಬಾ ಮತ್ತು ಮೈಲಾರನ ಅರಿಶಿನಪುಡಿ. ನಮ್ಮವರ ಸೊಂಟದಲ್ಲಿ ಅದರ ಚೀಲ ಇಲ್ಲದೆ ದಿನ ಕಳೆಯುವುದಿಲ್ಲ. ನನ್ನ ಅಣ್ಣ ಮಹಾ ದೈವಭಕ್ತ. ತಂಗಿಯ ಕುರಿ ಕದಿಯುವಾಗಲೂ ಗಾಯ ಕೊಳೆಯಬಾರದೆಂದು ದೇವರ ಹೆಸರು ಹೇಳಿ ಭಂಡಾರ ಹಚ್ಚಿದ್ದ! ಭಕ್ತಿ ಇಲ್ಲದ ಕಳ್ಳನಾಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದೊಂದಾಗಿ ಹಿಡಿದು ಎಣಿಸಿದೆ. ಹದಿನೈದು ಹಳದಿ ಕಿವಿಗಳು. ಒಂದೂ ಸತ್ತಿರಲಿಲ್ಲ. ಎಲ್ಲವೂ ದಷ್ಟಪುಷ್ಟವಾಗಿ ಬಂಡೆಪ್ಪನ ಹೊಲದಲ್ಲಿ ಕಸ ತಿನ್ನುತ್ತಿದ್ದವು. ನಾನು ಅತ್ತದ್ದು ನೆನಪಾಗಿ ನನ್ನ ಮೇಲೂ ಸಿಟ್ಟು ಬಂತು.

"ಅಣ್ಣಾ, ಇವುಕ್ಕ ಭಂಡಾರ ಯಾಕ ಹಚ್ಚಿದಿ?"

"ನೊಣ ಕುಂದ್ರಬಾರ್ದಂತ."

"ನೊಣ ಎಡಗಿವಿಗೇ ಕುಂದ್ರತಾವ? ಬಲಗಿವಿ ಅವುಕ್ಕ ಸೇರೂದಿಲ್ಲೇನ?"

ನಾನು ಅವನೆದುರು ಹೋಗಿ ಅವನ ಸೊಂಟದ ಚೀಲ ತೋರಿಸಿದೆ. "ನನ್ನ ಕುರಿ ಸತ್ತಾವ ಅಂತ ಭಂಡಾರ ಹಿಡದು ಹೇಳ. ಹೇಳಿದಿ ಅಂದ್ರ ಈ ನಾಕನೂ ಬ್ಯಾಡ, ಬಸ್ ಹಿಡದು ಹೋಗ್ತೀನಿ."

ನಮ್ಮಲ್ಲಿ ಕೋರ್ಟು ಕಾಗದ ಎಲ್ಲ ಆಮೇಲೆ. ಭಂಡಾರ ಅಂಗೈಯಲ್ಲಿ ಹಿಡಿದು ಸುಳ್ಳು ಹೇಳಿದರೆ ವಂಶ ಉಳಿಯುವುದಿಲ್ಲ ಎಂದು ಹೆದರುತ್ತಾರೆ. ಅಣ್ಣನ ಕೈ ಚೀಲದವರೆಗೆ ಹೋಯಿತು. ಬಾಯಿ ತೆರೆಯಿತು. ಆಮೇಲೆ ಕೈ ತಿರುಗಿ ಬಂದು ಮೊಣಕಾಲ ಮೇಲೆ ಕುಳಿತಿತು. ದೇವರಿಗೆ ಹೆದರಿದ, ನನಗಂತೂ ಒಂದು ಚೂರೂ ಹೆದರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

"ಹಾಂ, ಹಾಕೀನಿ ಕಚ್ಚು," ಎಂದು ಒಮ್ಮೆಲೇ ಒದರಿದ. "ಏನ ಮಾಡ್ತಿ? ಮೂವತ್ತು ವರ್ಷ ಬಿಸಲಾಗ ಮಳ್ಯಾಗ ಕಾದೀವಿ. ನೀ ಏನ ಮಾಡಿದಿ? ಸಾಲಿ ಕಲತಿ, ಶಹರಕ್ಕ ಹೋದಿ, ನೆರಳಾಗ ಕುಂತು ಡಬ್ಬಿ ಕಟ್ತಿ. ಈಗ ಬಂದು ಕುರಿ ಕೊಡ ಅಂತಿ. ಅಂಥಾದ್ದೇನ ಬಂದದ ನಿನಗ? ಮಗಳ ಲಗ್ನ ಅದ ಏನ? ದವಾಖಾನಿ ಅದ ಏನ?"

ಆಸ್ಪತ್ರೆ ಎಂದು ಸುಳ್ಳು ಹೇಳಬಹುದಿತ್ತು. ಅಣ್ಣಂದಿರು ತಂಗಿಯ ರೋಗಕ್ಕೆ ಕೊಡುತ್ತಾರೆ, ಅಳುವ ತಂಗಿ ಅವರಿಗೆ ಇಷ್ಟ. ನಾನು ಹೇಳಲಿಲ್ಲ.

"ರವಿವಾರ ಬೇಕಾಗ್ಯಾವ. ರೊಕ್ಕ ಪೋಸ್ಟಿನ್ಯಾಗ ಇಟ್ಟು, ಅದರ ಬಡ್ಡಿ ಮ್ಯಾಲ ಎರಡ ರವಿವಾರ ಸುಟ್ಟಿ ತಗೋತೀನಿ. ಪುಸ್ತಕ ಓದ್ತೀನಿ."

ಅಣ್ಣ ನಗಲು ಶುರು ಮಾಡಿದ. ಹೊಟ್ಟೆ ಹಿಡಿದು ನಕ್ಕ. "ಕೇಳಿದಿ ಏನಲೇ ಪುತಳಾ? ಈಕಿ ರವಿವಾರ ಖರೀದಿ ಮಾಡ್ತಾಳಂತ! ನಮಗ ಮೂವತ್ತು ವರ್ಷದಾಗ ಒಂದ ರವಿವಾರ ಇಲ್ಲ."

"ನಮಗ ಅಂದ್ರ ಯಾರು?" ನಾನೂ ಒದರಿದೆ. "ನೀ ನೆರಳಾಗ ಕಂಬಳಿ ಮ್ಯಾಲ ಅದಿ. ಮರಿ ಹಡಿಸಾಕತ್ತಿದಾಕಿ ಅಕಿ. ರಾತ್ರಿ ಎದ್ದು ಕೂತಾಕಿ ಅಕಿ. ವೈನಿ, ನೀನ ಹೇಳ, ಯಾರು ಕಾದ್ರು?"

ವೈನಿಯನ್ನು ನಾನು ಸಾಕ್ಷಿಗೆ ಕರೆದದ್ದು. ನನ್ನ ಪರವಾಗಿ ಹೇಳುತ್ತಾಳೆ ಎಂದು ಗೊತ್ತಿತ್ತು. ಅವಳು ಹುಟ್ಟಿದ ಮರಿಯ ಮೂಗು ಒರೆಸಿ, ಅದನ್ನು ತಾಯಿಯ ಹತ್ತಿರ ಬಿಟ್ಟು, ಕೈಯನ್ನು ಮಣ್ಣಿಗೆ ತಿಕ್ಕಿದಳು.

"ನನಗ ಕೇಳಬ್ಯಾಡ ಬಾಯಿ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಕುರಿ ನಿಂದು. ಹಿಂಡ ಅವರದು. ನಂದೇನದ ಇದ್ರಾಗ?"

ಹಾಗೆ ಹೇಳಿ ಮರಿಗೆ ಮೊಲೆ ಹಿಡಿಸಲು ಬಾಗಿದಳು.

ನಾನು ಅಲ್ಲೇ ನಿಂತೆ. ನಿಜ ಹೇಳಬೇಕೆಂದರೆ ಮೊದಲು ಅವಳ ಮೇಲೆಯೇ ಸಿಟ್ಟು ಬಂತು. ನನ್ನ ಜಗಳ ಗೆಲ್ಲುವ ಹೊತ್ತಿನಲ್ಲಿ ಇವಳಿಗೆ ಈ ಮಾತು ಎಲ್ಲಿಂದ ಬಂತು? ಇಪ್ಪತ್ತೇಳು ವರ್ಷದಿಂದ ಈ ಹಿಂಡಿನ ಹಿಂದೆ ನಡೆದವಳು. ಒಂದು ದಿನ ತನಗೆಂದು ಒಂದು ಮರಿ ಕೇಳಿದವಳಲ್ಲ. ಅವಳ ತವರಿನಲ್ಲಿ ಕುರಿ ಇರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಕಾಯ್ದವರಿಗೆ ಅರ್ಧ ಎನ್ನುವ ಪದ್ಧತಿ ಇದೆಯಲ್ಲ, ಆ ಅರ್ಧ ಅಣ್ಣನ ಮೂರು ಕಚ್ಚಿಗೆ ಹೋಯಿತು. ನನ್ನ ಅರ್ಧ ನನ್ನ ಎರಡು ಕಚ್ಚಿಗೆ ಬಂತು. ನನ್ನ ಹಣ ದುಡಿಯಲು ಹೋಗಿತ್ತು ಎಂದುಕೊಂಡಿದ್ದೆ. ಹಣ ಎಲ್ಲಿ ದುಡಿಯುತ್ತದೆ? ದುಡಿದದ್ದು ಈ ಹೆಂಗಸು. ಅವಳಿಗೆ ಇವತ್ತು ಯಾವ ವಾರ ಎಂದೂ ಗೊತ್ತಿರುತ್ತಿರಲಿಲ್ಲ.

ಟೈ ಕಟ್ಟಿದ ಹುಡುಗ ಇದನ್ನು ಬೋರ್ಡಿನ ಮೇಲೆ ಬರೆದಿರಲಿಲ್ಲ.

ಅಷ್ಟರಲ್ಲಿ ಪೀರಪ್ಪನ ಮೋಟರ್‌ಸೈಕಲ್ ಸಪ್ಪಳ ಕೇಳಿತು. ಹಿಂದೆ ಒಂದು ಟೆಂಪೊ. ಅವನು ಬಂದವನೇ ನಮ್ಮ ಮುಖಗಳನ್ನು ನೋಡಿ ಮನೆಯ ಜಗಳವೆಂದು ತಿಳಿದು ದೂರ ನಿಂತ. ಆಮೇಲೆ ಕುರಿಗಳ ಬೆನ್ನು ಒತ್ತಿ ನೋಡಿದ, ಹಲ್ಲು ನೋಡಿದ, ಕಿವಿ ನೋಡಿದ.

"ಗಾಯ ತಾಜಾ ಅದಾವಲ್ರಿ," ಎಂದ. "ಎಂಟ ಸಾವಿರದ ಎಂಟನೂರ ಕೊಡ್ತೀನಿ, ನಗದು. ಒಂಬತ್ತ ಆಗೂದಿಲ್ರಿ."

ಕದ್ದವನು ಅಣ್ಣ, ಕುರಿಗೆ ಇನ್ನೂರು ರೂಪಾಯಿ ದಂಡ ತೆರುವವಳು ನಾನು. ನಾನು ಅಣ್ಣನನ್ನು ನೋಡಿದೆ, ಅವನು ಬೇವಿನ ಗಿಡ ನೋಡಿದ.

ಎಣಿಕೆ ಹಾಕಲು ನನಗೆ ಹೊತ್ತು ಬೇಕಾಗಲಿಲ್ಲ, ಒಂಬತ್ತು ವರ್ಷದಿಂದ ಅದೇ ಎಣಿಕೆ ಹಾಕುತ್ತಿದ್ದೇನೆ. ಹತ್ತು ಕುರಿ ಮಾರಿದರೆ ಎಂಬತ್ತೆಂಟು ಸಾವಿರ. ಬಡ್ಡಿ ಐದುನೂರಾ ನಲವತ್ತು. ಒಂದು ರವಿವಾರ, ಮೇಲೆ ಇಪ್ಪತ್ತು ರೂಪಾಯಿ. ನಾನು ಎರಡಕ್ಕೆ ಬಂದಿದ್ದೆ. ಎರಡನೆಯ ರವಿವಾರ ಕಣ್ಣೆದುರಿಗೇ ಇತ್ತು, ಬೆಳಗಿನಿಂದ ಸಂಜೆಯವರೆಗೆ, ನೂರಾರು ಪುಟ. ಹಾಳಾದ ವೈನಿ ಆ ಮಾತು ಆಡದೆ ಇದ್ದಿದ್ದರೆ ಅದು ನನ್ನದಾಗಿತ್ತು.

"ಹತ್ತ ತಗೋರಿ," ಎಂದು ಪೀರಪ್ಪನಿಗೆ ಹೇಳಿದೆ. "ಒಂಬತ್ತ ಇಲ್ಲೇ ಇರಲಿ. ಅವು ವೈನಿವು."

ಖುಷಿಯಿಂದ ಕೊಟ್ಟೆ ಎಂದು ಯಾರೂ ತಿಳಿಯಬೇಡಿ. ಹಲ್ಲು ಕಚ್ಚಿ ಕೊಟ್ಟೆ. ಕೊಡುವಾಗಲೂ ಸಿಟ್ಟು ಇಳಿದಿರಲಿಲ್ಲ, ಅಣ್ಣನ ಮೇಲೆ, ಅಪ್ಪನ ಮೇಲೆ, ಇಪ್ಪತ್ತೇಳು ವರ್ಷ ದೀಪಾವಳಿಗೆ ಬಂದು ಸೀರೆ ಉಟ್ಟು ಹೋದ ನನ್ನ ಮೇಲೆ.

ವೈನಿ ಬಾಗಿದಲ್ಲಿಂದ ತಲೆ ಎತ್ತಿದಳು. ಮಾತಾಡಿದವನು ಅಣ್ಣ. ಅವನ ಮುಖ ಒಮ್ಮೆಲೇ ಅರಳಿತು.

"ಚೊಲೋ ಮಾಡಿದಿ ತಂಗಿ! ಶಾಣ್ಯಾ ಅದಿ ನೀ. ಮನ್ಯಾಗಿಂದು ಮನ್ಯಾಗೇ ಉಳೀತು."

ಅವನ ಪಾಲಿಗೆ ಹೆಂಡತಿಯ ಕುರಿ ಎಂದರೆ ತನ್ನದೇ ಕುರಿ. ಹದಿನೈದು ಕದಿಯಲು ಹೋಗಿ ಸಿಕ್ಕಿಬಿದ್ದವನಿಗೆ ಒಂಬತ್ತು ಪುಕ್ಕಟೆ ಸಿಕ್ಕಿದ್ದವು. ನಾನು ತಡೆದು ಹೇಳಿದೆ,

"ನಿನ್ನ ಮನ್ಯಾಗಲ್ಲ. ಅಕಿ ಗುರುತು ಬ್ಯಾರೆ ಬೀಳಬೇಕು. ಈಗ, ನನ್ನ ಮುಂದ."

"ಅಕಿಗಿ ಗುರುತ? ಹೆಂಗಸರ ಗುರುತ ಹಾಕೂದು ಅಪ್ಪ. ಅಕಿ ಅಪ್ಪ ಸತ್ತು ಎಷ್ಟ ವರ್ಷಾತು!" ಅಣ್ಣ ಪೀರಪ್ಪನ ಕಡೆ ತಿರುಗಿದ, ಗಂಡಸು ಗಂಡಸಿನ ಕಡೆ ತಿರುಗುವಂತೆ. "ನೀವ ಹೇಳ್ರಿ, ಕುರುಬರಾಗ ಗಂಡ ಹೆಂತಿಗಿ ಬ್ಯಾರೆ ಬ್ಯಾರೆ ಗುರುತ ಎಲ್ಲಿ ಕಂಡೀರಿ? ಮೂರ ಕಚ್ಚ ಅಂದ್ರ ಮೂರ ಕಚ್ಚ."

ಪೀರಪ್ಪ ನೋಟು ಎಣಿಸುತ್ತಿದ್ದ. "ನನಗ ಹತ್ತ ಕುರಿ ಕೊಟ್ರ ಆತ್ರಿ," ಎಂದ.

ಹತ್ತು ಕುರಿ ಟೆಂಪೊ ಹತ್ತಿದವು. ನಾನು ನೋಟು ಎಣಿಸಿ ರವಿಕೆಯೊಳಗೆ ಇಟ್ಟುಕೊಂಡೆ. ನಾನು ಮತ್ತೆ ಜಗಳಕ್ಕೆ ತಯಾರಾಗಿ ಅಣ್ಣನ ಕಡೆ ತಿರುಗಿದಾಗ ವೈನಿ ಅವನೆದುರು ಬಂದು ನಿಂತಿದ್ದಳು. ಒಂದು ಕೈ ಚಾಚಿದ್ದಳು.

"ಕತ್ತರಿ ಕೊಡ್ರಿ."

"ಯಾಕ?"

ಅವಳು ಅವನ ಸೊಂಟದಿಂದ ತಾನೇ ಕತ್ತರಿ ಎಳೆದುಕೊಂಡಳು. ಉಳಿದ ಒಂಬತ್ತರಲ್ಲಿ ಒಂದು ಕುರಿಯನ್ನು ಕೊರಳು ಹಿಡಿದು ಎಳೆದು ತಂದಳು. ಎಡಗಿವಿ ಮಡಚಿ ನೋಡಿದಳು. ಹಳೆಯ ಎರಡು ಕಚ್ಚು, ಹೊಸದೊಂದು. "ಇದರಾಗ ಜಾಗಾ ಉಳದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಬಿಟ್ಟು ಬಲಗಿವಿ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಯಾವ ಗುರುತು ಎಂದು ಯೋಚಿಸುತ್ತಿದ್ದಳು; ಇಷ್ಟು ವರ್ಷ ಅದನ್ನು ಯೋಚಿಸುವ ಪ್ರಸಂಗ ಬಂದಿರಲಿಲ್ಲ. ಕುರಿ ಕೊಸರಾಡಿತು. ಒಬ್ಬಳೇ ಹಿಡಿದು ಕತ್ತರಿ ಹಾಕುವುದು ಆಗುವ ಕೆಲಸವಲ್ಲ. ನಾನು ಮುಂದೆ ಹೋದೆ. ಅವಳು ಬೇಡವೆಂದು ನನಗೆ ಕೈ ತೋರಿಸಿದಳು.

"ಪುತಳಾ," ಅಣ್ಣ ಎದ್ದು ನಿಂತ. ದನಿ ಮೆತ್ತಗಾಗಿತ್ತು. "ಹುಚ್ಚಿ ಅದಿ ಏನ? ನಾನು ನೀನು ಬ್ಯಾರೆ ಅದೀವೇನ?"

ವೈನಿ ಅವನ ಮುಖ ನೋಡಿದಳು.

"ಬ್ಯಾರೆ ಅಲ್ಲಂದ್ರ ಹಿಡೀರಿ ಕುರಿ."

ಅಣ್ಣ ನನ್ನನ್ನು ನೋಡಿದ, ಟೆಂಪೊದ ಹತ್ತಿರ ನಿಂತ ಪೀರಪ್ಪನನ್ನು ನೋಡಿದ. ಆಮೇಲೆ ಮೊಣಕಾಲೂರಿ ಕುಳಿತು ಕುರಿಯ ಕೊರಳು ಹಿಡಿದ. ಒಂಬತ್ತನ್ನೂ ಅವನೇ ಹಿಡಿದ.